ಕೇಬಲ್ ಸ್ಪೀಡೋಮೀಟರ್ ಕೆಟ್ಟಾಗ: ದೋಷ ಎಲ್ಲಿದೆ ಎಂದು ಹಿಡಿಯುವುದು ಹೇಗೆ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800, ಓಮ್ನಿಗಳಂಥ ಕೇಬಲ್ ಮೀಟರಿನ ಕಾರುಗಳಲ್ಲಿ ಮುಳ್ಳು ಏಳದಿದ್ದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಕೇಬಲ್ ಹೋಗಿದೆ, ಹೊಸದು ಹಾಕೋಣ’ ಎಂಬುದು. ಎಷ್ಟೋ ಸಲ ಅದು ನಿಜವೇ. ಆದರೆ ಕೇಬಲ್ ಸುಮ್ಮಸುಮ್ಮನೆ ತುಂಡಾಗುವ ವಸ್ತುವಲ್ಲ. ಮೀಟರಿನ ಒಳಗೆ ಏನೋ ಬಿಗಿದು ಅದು ತುಂಡಾಗಿದ್ದರೆ ಹೊಸ ಕೇಬಲ್ಲಿಗೂ ಅದೇ ಗತಿ. ದೋಷ ಹುಡುಕುವುದಕ್ಕೆ ಕಾರಿನಲ್ಲೇ ಒಂದು ಒಳ್ಳೆಯ ಸಾಧನವಿದೆ, ಅದನ್ನು ಬಹಳ ಮಂದಿ ಬಳಸುವುದೇ ಇಲ್ಲ: ವೇಗದ ಮುಳ್ಳೂ ಕಿ.ಮೀ. ಅಂಕಿಗಳೂ ಒಂದೇ ಕೇಬಲ್ಲಿನಿಂದ ತಿರುಗುತ್ತವೆ, ಆದರೆ ಎರಡು ಬೇರೆ ದಾರಿಯಲ್ಲಿ. ಎರಡನ್ನೂ ಒಟ್ಟಿಗೆ ನೋಡಿದರೆ ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಒಳಗೆ ನಡೆಯುವುದೇನು

ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಗೇರ್‌ಬಾಕ್ಸಿನ ಹಿಂತುದಿಯ ಶಾಫ್ಟಿನ ಮೇಲೆ, ಮುಂಚಕ್ರ ಚಾಲನೆಯವುಗಳಲ್ಲಿ ಡಿಫರೆನ್ಷಿಯಲ್ (ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಕೇಸಿನ ಮೇಲೆ ಒಂದು ವರ್ಮ್ ಗೇರ್, ಅಂದರೆ ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ಗೇರ್, ಇರುತ್ತದೆ. ಅದಕ್ಕೆ ಕಚ್ಚಿಕೊಂಡ ಚಿಕ್ಕ ಹಲ್ಲುಚಕ್ರ (ಪಿನಿಯನ್), ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ಒಳತಂತಿ ಎಂದರೆ ಸಣ್ಣ ಉಕ್ಕಿನ ಎಳೆಗಳನ್ನು ಪದರ ಪದರವಾಗಿ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿ ಮಾಡಿದ್ದು. ಹೀಗೆ ಸುತ್ತಿರುವುದರಿಂದಲೇ ಅದು ಬಾಗಿದರೂ ತಿರುಚಿಕೊಳ್ಳದೆ ತಿರುಗಬಲ್ಲದು. ತುದಿಯನ್ನು ಚೌಕವಾಗಿ ಒತ್ತಿರುತ್ತಾರೆ. ಅದು ಸಾಮಾನ್ಯವಾಗಿ 3 ಮಿ.ಮೀ.ಗಿಂತ ತುಸು ದಪ್ಪ.

ಆ ಚೌಕ ತುದಿ ಮೀಟರಿನ ಹಿಂಬದಿಯ ಸ್ಪಿಂಡಲ್ಲಿಗೆ ಹೊಕ್ಕು ಅಲ್ಲಿರುವ ಶಾಶ್ವತ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ತೆಳುವಾದ ಅಲ್ಯುಮಿನಿಯಂ ಬಟ್ಟಲು, ಬಟ್ಟಲಿನ ಕಡ್ಡಿಯ ತುದಿಗೆ ಮುಳ್ಳು. ಬಟ್ಟಲೂ ಅಯಸ್ಕಾಂತವೂ ಎಲ್ಲಿಯೂ ತಾಗುವುದಿಲ್ಲ. ಅಯಸ್ಕಾಂತ ತಿರುಗಿದಾಗ ಬಟ್ಟಲಿನ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲನ್ನು ಅದೇ ದಿಕ್ಕಿಗೆ ಎಳೆಯುತ್ತದೆ. ಈ ಎಳೆತ ತಿರುಗುವ ವೇಗಕ್ಕೆ ತಕ್ಕಂತೆ ಏರುತ್ತದೆ. ಎದುರಿಗೆ ಹೇರ್‌ಸ್ಪ್ರಿಂಗ್ ಎಂಬ ತೆಳು ಸುರುಳಿ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತಿರುತ್ತದೆ, ಅದರ ಎಳೆತ ತಿರುಗಿದ ಕೋನಕ್ಕೆ ತಕ್ಕಂತೆ. ಎರಡೂ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಹಾಗಾಗಿಯೇ ಡಯಲ್ ಮೇಲಿನ 20, 40, 60ರ ಗೆರೆಗಳು ಸಮದೂರದಲ್ಲಿ ಇರಲು ಸಾಧ್ಯ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಈ ಏರ್ಪಾಡು ಮೂಲದಲ್ಲಿ ಬದಲಾಗದೆ ನಮ್ಮ ಕಾರುಗಳವರೆಗೂ ಬಂತು.

ಬಿಸಿಗೆ ಅಲ್ಯುಮಿನಿಯಂನ ರೋಧ ಹೆಚ್ಚಾಗಿ ಸುಳಿ ವಿದ್ಯುತ್ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಅಯಸ್ಕಾಂತದ ಮೇಲೆ ನಿಕ್ಕಲ್-ಕಬ್ಬಿಣ ಮಿಶ್ರಲೋಹದ ತೆಳು ಬಿಲ್ಲೆಯೊಂದನ್ನು ಕೂರಿಸಿರುತ್ತಾರೆ. ಮೀಟರ್ ಬಿಚ್ಚಿದವರು ಇದನ್ನು ವಾಷರ್ ಎಂದುಕೊಂಡು ಕಿತ್ತಿಡುವುದುಂಟು. ಕೀಳಬಾರದು.

ಕಿ.ಮೀ. ಅಂಕಿಗಳ ದಾರಿ ಬೇರೆ. ಅಯಸ್ಕಾಂತದ ಸ್ಪಿಂಡಲ್ಲಿನ ಮೇಲೇ ಕೊರೆದ ವರ್ಮ್‌ನಿಂದ ಹಲ್ಲಿಗೆ ಹಲ್ಲು ಕೂಡಿಸಿ ಅಂಕಿ ಚಕ್ರಗಳು ತಿರುಗುತ್ತವೆ. ಅಲ್ಲಿ ಎಳೆತ, ಸಮತೋಲ ಯಾವುದೂ ಇಲ್ಲ. ಸ್ಪಿಂಡಲ್ ಇಷ್ಟು ಸುತ್ತು ತಿರುಗಿದರೆ 1 ಕಿ.ಮೀ., ಅಷ್ಟೇ ಲೆಕ್ಕ. ಆ ಸುತ್ತಿನ ಸಂಖ್ಯೆಯನ್ನು ಹಲವು ಮೀಟರ್‌ಗಳ ಡಯಲ್ ಅಡಿಯಲ್ಲಿ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಜಪಾನಿ ಮಾದರಿಯ ಕಾರು ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಕಿ.ಮೀ.ಗೆ 637 ಸುತ್ತು. ಹಳೆಯ ಬ್ರಿಟಿಷ್ ಮಾದರಿಯವುಗಳಲ್ಲಿ ಮೈಲಿಯ ಲೆಕ್ಕವೂ ಇರಬಹುದು, ಅದನ್ನು ಗಮನಿಸಿ. ಈ ಸಂಖ್ಯೆಯಿಂದ ಇನ್ನೊಂದು ಉಪಯೋಗವಿದೆ: 60 ಕಿ.ಮೀ. ವೇಗ ಎಂದರೆ ನಿಮಿಷಕ್ಕೆ 1 ಕಿ.ಮೀ.; ಆದ್ದರಿಂದ ಕಿ.ಮೀ.ಗೆ ಎಷ್ಟು ಸುತ್ತೋ, ಮುಳ್ಳು 60ರಲ್ಲಿರುವಾಗ ನಿಮಿಷಕ್ಕೂ ಅಷ್ಟೇ ಸುತ್ತು. ಮೀಟರನ್ನು ಮೇಜಿನ ಮೇಲೆ ಪರೀಕ್ಷಿಸುವಾಗ ಇದು ಬೇಕಾಗುತ್ತದೆ.

ಮುಳ್ಳು, ಅಂಕಿ ಎರಡನ್ನೂ ಓದಿ

ಟ್ರಿಪ್ ಅಂಕಿ (ಬೇಕಾದಾಗ ಸೊನ್ನೆಗೆ ತರಬಹುದಾದ ಕಿ.ಮೀ. ಅಂಕಿ) ಇದ್ದರೆ ಕಾರು ನಿಂತಿರುವಾಗ ಸೊನ್ನೆಗೆ ತಂದು 2 ಕಿ.ಮೀ. ಓಡಿಸಿ. ಓಡುತ್ತಿರುವಾಗ ಟ್ರಿಪ್ ಗುಂಡಿ ಒತ್ತಲೇಬೇಡಿ, ಒಳಗಿನ ಸಣ್ಣ ಹಲ್ಲುಗಳು ಮುರಿಯುತ್ತವೆ.

ಮುಳ್ಳೂ ಏಳದೆ ಅಂಕಿಯೂ ಕದಲದಿದ್ದರೆ ಸ್ಪಿಂಡಲ್ ತಿರುಗುತ್ತಿಲ್ಲ ಎಂದರ್ಥ. ಪಿನಿಯನ್, ಕೇಬಲ್, ಕೇಬಲ್ ಮೀಟರಿಗೆ ಸೇರುವ ಜಾಗ, ಈ ಮೂರರಲ್ಲಿ ಒಂದು. ಅಂಕಿ ಸರಿಯಾಗಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಕೇಬಲ್ಲಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಹೇರ್‌ಸ್ಪ್ರಿಂಗ್ ಸಿಕ್ಕಿಕೊಂಡಿದೆ, ಬಟ್ಟಲಿನ ಕಡ್ಡಿ ಸ್ಥಾನ ಬಿಟ್ಟಿದೆ, ಇಲ್ಲವೇ ಮುಳ್ಳು ಕಡ್ಡಿಯಲ್ಲಿ ಸಡಿಲವಾಗಿದೆ. ಇದಕ್ಕೆ ತದ್ವಿರುದ್ಧವಾಗಿ ಮುಳ್ಳು ಸರಿಯಾಗಿದ್ದು ಅಂಕಿ ನಿಂತಿದ್ದರೆ ಅಂಕಿ ಗೇರುಗಳಲ್ಲಿ ಒಂದು ಸೀಳಿದೆ ಅಥವಾ ತನ್ನ ಕಡ್ಡಿಯ ಮೇಲೆ ಜಾರುತ್ತಿದೆ. ಅದೂ ಮೀಟರಿನೊಳಗಿನ ಕೆಲಸವೇ.

ಮುಳ್ಳು ಅಲುಗಾಡುತ್ತಿದ್ದರೆ ಅಂಕಿ ಏನೂ ಹೇಳುವುದಿಲ್ಲ, ಏಕೆಂದರೆ ಒಟ್ಟು ಸುತ್ತು ಅಷ್ಟೇ ಇರುತ್ತದೆ. 20–40ರ ನಡುವೆ ಮುಳ್ಳು ತಾಳಬದ್ಧವಾಗಿ ಹಿಂದೆ ಮುಂದೆ ಹೊಯ್ದಾಡಿ, ವೇಗ ಹೆಚ್ಚಿದಂತೆ ಸ್ವಲ್ಪ ಸಮಾಧಾನವಾದರೆ ಅದು ಬಹುತೇಕ ಒಣಗಿದ ಅಥವಾ ಮಡಿಕೆ ಬಿದ್ದ ಕೇಬಲ್. ಒಳತಂತಿ ಒಂದು ಕಡೆ ಸಿಕ್ಕಿಕೊಂಡು ತಿರುಚಿಕೊಳ್ಳುತ್ತದೆ, ತಿರುಚು ಹೆಚ್ಚಾದಾಗ ಬಿಡಿಸಿಕೊಂಡು ಒಮ್ಮೆಲೇ ಚಿಮ್ಮುತ್ತದೆ. ಮುಳ್ಳು ಆ ಚಿಮ್ಮುವಿಕೆಯನ್ನೇ ತೋರಿಸುತ್ತಿರುತ್ತದೆ.

ಹೊರಟ ಕೂಡಲೇ ಮುಳ್ಳು 100 ದಾಟಿ ಕೊನೆಗೆ ಹೋಗಿ ಬಡಿದು ನಿಂತರೆ ಗಾಡಿ ನಿಲ್ಲಿಸಿ, ಮುಂದಕ್ಕೆ ಓಡಿಸುವ ಮೊದಲು ಮೀಟರಿನಿಂದ ಕೇಬಲ್ ಬಿಚ್ಚಿ. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಎಣ್ಣೆಯ ಜಿಡ್ಡೋ ಕಬ್ಬಿಣದ ಪುಡಿಯೋ ಸೇರಿ ಅಯಸ್ಕಾಂತ ಬಟ್ಟಲನ್ನೇ ಹಿಡಿದು ತಿರುಗಿಸುತ್ತಿದೆ. ಹಾಗೇ ಓಡಿಸಿದರೆ ಹೇರ್‌ಸ್ಪ್ರಿಂಗ್ ಉಳಿಯುವುದಿಲ್ಲ, ಮತ್ತು ಅದು ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಭಾಗವಲ್ಲ.

ಸದ್ದಿನಲ್ಲೂ ಎರಡು ಬಗೆ. ಡ್ಯಾಶ್‌ಬೋರ್ಡ್ ಹಿಂದಿನಿಂದ ವೇಗಕ್ಕೆ ತಕ್ಕಂತೆ ಟಿಕ್ ಟಿಕ್ ಬಂದರೆ ಕೇಬಲ್. ಕಿರ್ರೆಂಬ ತೀಕ್ಷ್ಣ ಸದ್ದು, ಅದರಲ್ಲೂ ಚಳಿಯ ಬೆಳಿಗ್ಗೆ ಬಂದು ಸ್ವಲ್ಪ ದೂರ ಹೋದ ಮೇಲೆ ನಿಂತರೆ ಮೀಟರ್ ಸ್ಪಿಂಡಲ್ಲಿನ ಬುಷ್, ಅಂದರೆ ಸ್ಪಿಂಡಲ್ ಒಳಗೆ ಕೂತು ತಿರುಗುವ ಬಳೆ, ಒಣಗಿದೆ. ಈ ಎರಡನೆಯದನ್ನು ಅಸಡ್ಡೆ ಮಾಡುವಂತಿಲ್ಲ. ಬುಷ್ ಒಣಗಿ ಸ್ಪಿಂಡಲ್ ಬಿಗಿದರೆ ಕೇಬಲ್ ತುಂಡಾಗುತ್ತದೆ.

ಕೇಬಲ್

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಮೀಟರ್ ಹಿಂದೆ ಬಲ್ಬ್ ತಂತಿಗಳಿವೆ, ಕೆಲವದರಲ್ಲಿ ತಾಮ್ರದ ಗೆರೆಗಳಿರುವ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದು ಹರಿದರೆ ಇಂಧನ ಮೀಟರೂ ಹೋಗುತ್ತದೆ. ಹಳೆಯ ಕಾರುಗಳಲ್ಲಿ ಕೇಬಲ್ಲಿಗೆ ಗೀರು ಹಾಕಿದ ನಟ್ ಇರುತ್ತದೆ, ಕೈಯಿಂದಲೇ ಬಿಚ್ಚಬಹುದು. ಆಮೇಲಿನವುಗಳಲ್ಲಿ ಪ್ಲಾಸ್ಟಿಕ್ ನಾಲಿಗೆ. ಅದನ್ನು ಒತ್ತಿ ಹಿಡಿದು ನೇರ ಹಿಂದಕ್ಕೆ ಎಳೆಯಬೇಕು. ಮೀಟರ್ ಬೋರ್ಡನ್ನು ಮುಂದಕ್ಕೆ ಜಗ್ಗಿ ಕೇಬಲ್ ಎಳೆಸಬೇಡಿ. ಎಂಜಿನ್ ಕಡೆಯಿಂದ ಯಾರಾದರೂ ಕೇಬಲ್ಲನ್ನು ಸ್ವಲ್ಪ ಒಳಕ್ಕೆ ತಳ್ಳಿಕೊಟ್ಟರೆ ಕೈಯಾಡಲು ಜಾಗ ಸಿಗುತ್ತದೆ.

ಬಿಚ್ಚಿದ ಮೇಲೆ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸಮತಟ್ಟಾದ ಜಾಗದಲ್ಲಿ ಕಾರನ್ನು ತಳ್ಳಿಸಿ ಚೌಕ ತುದಿಯನ್ನು ನೋಡಿ. ತಿರುಗುತ್ತದೆಯೇ ಎಂದು ಕಣ್ಣಲ್ಲಿ ನೋಡಿದರೆ ಸಾಲದು, ಬಟ್ಟೆ ಸುತ್ತಿದ ಎರಡು ಬೆರಳಿನಿಂದ ಮೃದುವಾಗಿ ಹಿಡಿದು ನೋಡಿ. ಹಲ್ಲು ಸವೆದ ಪಿನಿಯನ್, ಹೊರೆ ಇಲ್ಲದಾಗ ಕೇಬಲ್ಲನ್ನು ಚೆನ್ನಾಗಿಯೇ ತಿರುಗಿಸುತ್ತದೆ, ಹಿಡಿದ ಕೂಡಲೇ ಜಾರುತ್ತದೆ. ಹಿಡಿದಾಗಲೂ ಬಲವಾಗಿ ತಿರುಗಿದರೆ ಕೇಬಲ್, ಪಿನಿಯನ್ ಎರಡೂ ಸರಿ. ಚೌಕ ತುದಿಯ ಮೂಲೆ ಸವೆದು ದುಂಡಗಾಗಿದೆಯೇ, ತುದಿ ಮೀಟರಿನೊಳಕ್ಕೆ ಸಾಕಷ್ಟು ಹೋಗುತ್ತಿದೆಯೇ ಎಂದು ನೋಡಿ. ಬ್ರಿಟಿಷ್ ಮಾದರಿಯ ಕೇಬಲ್ಲುಗಳಲ್ಲಿ ಒಳತಂತಿ ಕವಚದಿಂದ ಸುಮಾರು 10 ಮಿ.ಮೀ. ಹೊರಗಿರಬೇಕು. ಕಡಿಮೆಯಿದ್ದರೆ ಕಚ್ಚುವುದಿಲ್ಲ. ಹೆಚ್ಚಿದ್ದರೆ ಇನ್ನೂ ಕೆಡುಕು, ಅದು ಸ್ಪಿಂಡಲ್ಲನ್ನು ಮುಂದಕ್ಕೆ ಒತ್ತಿ ಮೀಟರನ್ನೇ ತಿನ್ನುತ್ತದೆ.

ತಿರುಗದಿದ್ದರೆ ಒಳತಂತಿಯನ್ನು ಮೇಲಿನಿಂದ ಎಳೆಯಿರಿ. ಹೆಚ್ಚಿನವು ಹಾಗೆ ಬರುತ್ತವೆ, ಕೆಲವು ಗೇರ್‌ಬಾಕ್ಸ್ ಕಡೆಯಿಂದ ಮಾತ್ರ, ಇನ್ನು ಕೆಲವು ಬರುವುದೇ ಇಲ್ಲ, ಅಂಥವನ್ನು ಕವಚ ಸಮೇತ ಬದಲಿಸಬೇಕು. ಅರ್ಧ ಮಾತ್ರ ಬಂದರೆ ಮುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಮುರಿದ ಜಾಗ ಕವಚದ ಬಿಗಿಯಾದ ಬಾಗಿನೊಳಗೆ ಬಂದು, ಎಳೆಗಳು ಹೊಳಪಾಗಿ ಸವೆದಿದ್ದರೆ ಕಾರಣ ಬಾಗು. ಸುತ್ತು ಬಿಚ್ಚಿಕೊಂಡು ಎಳೆಗಳು ಗುಪ್ಪೆಯಾಗಿ ಉಬ್ಬಿದ್ದರೆ ಒಂದು ತುದಿ ಬಿಗಿದಿದ್ದಾಗ ಇನ್ನೊಂದು ತುದಿ ತಿರುಚಿದೆ. ಆಗ ಮೀಟರ್ ನೋಡದೆ ಹೊಸ ಕೇಬಲ್ ಹಾಕಬೇಡಿ.

ಇಡೀ ತಂತಿ ಬಂದರೂ ಪರೀಕ್ಷೆ ಮುಗಿಯಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಗಾಜಿನ ಮೇಲೋ ನಯವಾದ ಮೇಜಿನ ಮೇಲೋ ಉರುಳಿಸಿ. ಮಡಿಕೆ ಇದ್ದ ಕಡೆ ತಂತಿ ಎಗರುತ್ತದೆ. ಆಮೇಲೆ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದು ತಂತಿ ಕೆಳಕ್ಕೆ ಜೋತುಬೀಳುವಂತೆ ಬಿಟ್ಟು, ಒಂದು ತುದಿಯನ್ನು ಬೆರಳ ನಡುವೆ ನಿಧಾನವಾಗಿ ಹೊಸೆಯಿರಿ. ಇನ್ನೊಂದು ತುದಿ ಅದೇ ನಿಧಾನದಲ್ಲಿ ಹಿಂಬಾಲಿಸಬೇಕು. ತಡೆದು ತಡೆದು ಜಿಗಿದರೆ ಆ ತಂತಿಯನ್ನು ಯಾವ ಗ್ರೀಸೂ ಸರಿಮಾಡದು, ಬಿಸಾಡಿ.

ಗ್ರೀಸಿನ ವಿಷಯದಲ್ಲಿ ಜಾಸ್ತಿ ಒಳ್ಳೆಯದು ಎಂಬ ನಂಬಿಕೆ ಬಹಳ ಮೀಟರ್‌ಗಳನ್ನು ಹಾಳು ಮಾಡಿದೆ. ಇಡೀ ಕೇಬಲ್ಲಿಗೆ ಎರಡು ಮೂರು ಗ್ರಾಂ ಹಗುರ ಲಿಥಿಯಂ ಗ್ರೀಸ್ ಸಾಕು. ತಂತಿಗೆ ತೆಳುವಾಗಿ ಸವರಿ ಕವಚಕ್ಕೆ ಪೂರ್ತಿ ತೂರಿಸಿ, ಮತ್ತೆ ಮೀಟರ್ ಕಡೆಯಿಂದ ಸುಮಾರು 200 ಮಿ.ಮೀ. ಹೊರಗೆಳೆದು, ಅಷ್ಟು ಭಾಗವನ್ನು ಒಣಬಟ್ಟೆಯಲ್ಲಿ ಒರೆಸಿ ಒಳಕ್ಕೆ ತಳ್ಳಿ. ಎಂಜಿನ್ ಎಣ್ಣೆ, ಗೇರ್ ಎಣ್ಣೆ ಹಾಕಲೇಬಾರದು. ತಂತಿಯ ಸುರುಳಿ ತಿರುಗುತ್ತಾ ತೆಳು ಎಣ್ಣೆಯನ್ನು ಮೇಲಕ್ಕೆ ಏರಿಸುತ್ತದೆ, ಅದು ನೇರವಾಗಿ ಅಯಸ್ಕಾಂತದ ಬುಡಕ್ಕೆ ಹೋಗಿ ನಿಲ್ಲುತ್ತದೆ.

ಕೂರಿಸುವಾಗ ಕೇಬಲ್ ಎಲ್ಲೂ 150 ಮಿ.ಮೀ.ಗಿಂತ ಸಣ್ಣ ತ್ರಿಜ್ಯದಲ್ಲಿ ಬಾಗಬಾರದು, ಮೀಟರಿಗೆ ಸೇರುವ ಕೊನೆಯ 50 ಮಿ.ಮೀ. ನೇರವಾಗಿರಬೇಕು. ಸೈಲೆನ್ಸರ್ ಪೈಪಿನಿಂದ, ಕ್ಲಚ್ ಪೆಡಲ್ ಓಡಾಟದಿಂದ ದೂರ ಕಟ್ಟಿ, ಆದರೆ ಕವಚ ಚಪ್ಪಟೆಯಾಗುವಷ್ಟು ಕ್ಲಿಪ್ ಬಿಗಿಯಬೇಡಿ. ಎಂಜಿನ್ ಕೋಣೆಯಿಂದ ಒಳಬರುವ ರಂಧ್ರದ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ತಗಡಿನ ಅಂಚು ಕವಚವನ್ನು ಕೊಯ್ಯುತ್ತದೆ. ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಆ ಸೀಳಿನಿಂದಲೇ ಮಳೆನೀರು ಇಳಿದು ತಂತಿ ತುಕ್ಕು ಹಿಡಿಯುತ್ತದೆ.

ಗೇರ್‌ಬಾಕ್ಸ್ ತುದಿ

ಕೇಬಲ್ ಇಡಿಯಾಗಿದ್ದೂ ತಿರುಗದಿದ್ದರೆ ಪಿನಿಯನ್ ಹೊರತೆಗೆಯಬೇಕು. ಅದರ ಹೌಸಿಂಗನ್ನು ಸಾಮಾನ್ಯವಾಗಿ ಒಂದೇ ಬೋಲ್ಟ್ ಹಿಡಿದಿರುತ್ತದೆ. ಸುತ್ತಲಿನ ಮಣ್ಣನ್ನು ಮೊದಲು ಚೊಕ್ಕ ಮಾಡಿ, ಇಲ್ಲವಾದರೆ ಅದೆಲ್ಲ ಗೇರ್‌ಬಾಕ್ಸಿನೊಳಕ್ಕೆ ಬೀಳುತ್ತದೆ. ಆಗತಾನೇ ಓಡಿದ ಗಾಡಿಯಾದರೆ ಎಣ್ಣೆ ಬಿಸಿಯಿರುತ್ತದೆ, ಆರಲು ಬಿಡಿ. ಪಿನಿಯನ್ನಿನ ಹಲ್ಲುಗಳ ನಡುವೆ ಒಂದು ಪಟ್ಟಿಯಷ್ಟು ಭಾಗ ತಿಂದುಹೋಗಿದ್ದರೆ ಅದು ಬಿಗಿದ ಕೇಬಲ್ ಅಥವಾ ಮೀಟರಿನ ವಿರುದ್ಧ ಹೋರಾಡಿ ಸೋತಿದೆ. ಹೊಸ ಪಿನಿಯನ್ ಕೊಳ್ಳುವಾಗ ಹಲ್ಲುಗಳನ್ನು ಎಣಿಸಿ ಹಳೆಯದರಷ್ಟೇ ಇವೆಯೇ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗೆ ಹೋಗುವಾಗ ಹಳೆಯ ಪಿನಿಯನ್ನನ್ನೂ ಕೇಬಲ್ಲನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಒಳ್ಳೆಯದು, ಮಾಡೆಲ್ ಹೆಸರು ಹೇಳಿದರೆ ಹತ್ತಿರದ್ದು ಯಾವುದೋ ಕೈಗೆ ಬರುತ್ತದೆ.

ಕೇಬಲ್ ಒಳಗೆ ಗೇರ್ ಎಣ್ಣೆ ಕಂಡರೆ ಹೌಸಿಂಗಿನ ಒಳಗಿನ ಸಣ್ಣ ಆಯಿಲ್ ಸೀಲ್ ಹೋಗಿದೆ. ಹೊರಗೆ ಸುತ್ತ ಎಣ್ಣೆ ಸೋರಿದ್ದರೆ ಓ-ರಿಂಗ್. ಎರಡೂ ಅಗ್ಗದ ಭಾಗಗಳು, ಒಟ್ಟಿಗೇ ಬದಲಿಸಿ.

ಮೀಟರ್ ಒಳಗೆ

ಬಿಚ್ಚುವ ಮೊದಲು ಸುಲಭದ ಪರೀಕ್ಷೆ: ಹಳೆಯ ಕೇಬಲ್ಲಿನ ಚೌಕ ತುದಿಯನ್ನು ಬೆರಳುದ್ದ ಕತ್ತರಿಸಿ ಸ್ಪಿಂಡಲ್ಲಿಗೆ ತೂರಿಸಿ, ಬೆರಳಿನಲ್ಲಿ ಚಕಚಕನೆ ಹೊಸೆಯಿರಿ. ತಡೆಯೇ ಇಲ್ಲದಂತೆ ತಿರುಗಬೇಕು, ಮುಳ್ಳು ಚಿಮ್ಮಿ ಎದ್ದು ಕೈಬಿಟ್ಟ ಕೂಡಲೇ ಸೊನ್ನೆಗೆ ಬೀಳಬೇಕು. ಗರಗರ ಎಂದರೆ, ಬಿಗಿ ಎನಿಸಿದರೆ ಬುಷ್ ಒಣಗಿದೆ. ಸ್ಪಿಂಡಲ್ ಬುಡದಲ್ಲಿ ಎಣ್ಣೆ ಬಿಡುವ ಸಣ್ಣ ತೂತೋ ಫೆಲ್ಟ್ ಬತ್ತಿಯೋ ಇದ್ದರೆ ಅಲ್ಲಿಗೆ ಸೂಜಿಯ ತುದಿಯಿಂದ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಎರಡನೆಯ ಹನಿ ಬೇಡ. ಸ್ಪ್ರೇ ಡಬ್ಬಿಯ ಎಣ್ಣೆಯನ್ನಂತೂ ಮೀಟರಿನ ಹತ್ತಿರ ತರಬೇಡಿ.

ಬಟ್ಟಲು ಉಜ್ಜುತ್ತಿದ್ದರೆ ಮುಳ್ಳು, ಡಯಲ್ ತೆಗೆಯದೆ ಗತಿಯಿಲ್ಲ. ಇಲ್ಲಿ ಒಂದು ಹೆಜ್ಜೆ ತಪ್ಪಿದರೆ ಮೀಟರ್ ಮತ್ತೆಂದೂ ಸರಿ ತೋರಿಸದು. ಸೊನ್ನೆಯಲ್ಲಿರುವ ಮುಳ್ಳು ಸುಮ್ಮನೆ ವಿಶ್ರಮಿಸುತ್ತಿಲ್ಲ, ಹೇರ್‌ಸ್ಪ್ರಿಂಗ್ ಅದನ್ನು ತಡೆಗಡ್ಡಿಗೆ ಒತ್ತಿ ಹಿಡಿದಿದೆ. ಆದ್ದರಿಂದ ಮುಳ್ಳನ್ನು ಮೆಲ್ಲಗೆ ಎತ್ತಿ ಆ ಕಡ್ಡಿಯನ್ನು ದಾಟಿಸಿ ಬಿಡಿ. ಅದು ಸೊನ್ನೆಗಿಂತ ಕೆಳಗೆ ಎಲ್ಲೋ ತಾನಾಗಿ ನಿಲ್ಲುತ್ತದೆ. ಆ ಜಾಗವನ್ನು ಡಯಲ್ ಮೇಲೆ ಪೆನ್ಸಿಲ್ ಚುಕ್ಕಿಯಿಂದ ಗುರುತಿಸಿ, ಫೋಟೋ ತೆಗೆದಿಡಿ. ಮತ್ತೆ ಹಾಕುವಾಗ ಮುಳ್ಳನ್ನು ಮೊದಲು ಆ ಚುಕ್ಕಿಗೇ ಕೂರಿಸಿ, ಆಮೇಲೆ ಎತ್ತಿ ಕಡ್ಡಿಯ ಮೇಲ್ಬದಿಗೆ ತರಬೇಕು. ನೇರವಾಗಿ ಸೊನ್ನೆಯಲ್ಲಿ ಕೂರಿಸಿದರೆ ಎಲ್ಲ ವೇಗದಲ್ಲೂ ಜಾಸ್ತಿ ತೋರಿಸುತ್ತದೆ. ಮುಳ್ಳು ಕೀಳಲು ಅದರ ಬುಡದ ಎರಡೂ ಬದಿಗೆ ಟೀ ಚಮಚದ ಅಂಚು ಕೊಟ್ಟು ಸಮವಾಗಿ ಮೇಲೆತ್ತಿ, ಡಯಲ್ ಗೀರದಂತೆ ಕೆಳಗೆ ಕಾಗದ ಇಡಿ. ಒಂದೇ ಬದಿಯಿಂದ ಮೀಟಿದರೆ ಕೂದಲಿನಷ್ಟು ತೆಳುವಾದ ಕಡ್ಡಿ ಬಾಗುತ್ತದೆ.

ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿಯನ್ನು ಗಾಳಿ ಊದಿ ತೆಗೆಯಲಾಗದು. ಅಂಟು ಟೇಪನ್ನು ಸಣ್ಣ ಕಡ್ಡಿಗೆ ಅಂಟು ಮೇಲೆ ಬರುವಂತೆ ಸುತ್ತಿ ಒತ್ತಿ ಒತ್ತಿ ತೆಗೆಯಿರಿ. ಜಿಡ್ಡಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ, ಹೇರ್‌ಸ್ಪ್ರಿಂಗಿಗೆ ಹತ್ತಿಯ ನೂಲು ಸಿಗದಂತೆ ನೋಡಿ. ಮುಳ್ಳಿನ ಕಡ್ಡಿಯ ತಿರುಗಣಿಗೆ ಎಣ್ಣೆ ಹಾಕುವುದಿಲ್ಲ. ಉಕ್ಕಿನ ಸ್ಕ್ರೂಡ್ರೈವರ್ ಅಯಸ್ಕಾಂತಕ್ಕೆ ತಗುಲದಿರಲಿ, ತಗುಲಿದರೆ ಅದರ ಬಲ ಕುಗ್ಗಬಹುದು.

ಜೋಡಿಸಿದ ಮೇಲೆ ವೇಗ ಬದಲಿಸಬಹುದಾದ ಡ್ರಿಲ್ಲಿಗೆ ಆ ಚೌಕ ತುದಿಯ ತುಂಡನ್ನು ಸಿಕ್ಕಿಸಿ ನಿಧಾನವಾಗಿ ತಿರುಗಿಸಿ. ಮುಳ್ಳು ಸೊನ್ನೆಯ ಕಡ್ಡಿಗೆ ಒತ್ತಿದರೆ ದಿಕ್ಕು ತಪ್ಪು, ಕೂಡಲೇ ಬದಲಿಸಿ. 637ರ ಮೀಟರಿಗೆ ನಿಮಿಷಕ್ಕೆ 637 ಸುತ್ತು ಕೊಟ್ಟಾಗ ಮುಳ್ಳು 60ರಲ್ಲಿ ನಿಲ್ಲಬೇಕು. ಡ್ರಿಲ್ಲಿನ ಸುತ್ತನ್ನು ಬೆಳಕಿನಿಂದ ಅಳೆಯುವ ಅಗ್ಗದ ಟ್ಯಾಕೋಮೀಟರಿನಿಂದ ನೋಡಬಹುದು.

ಮೀಟರ್ ಓಡುತ್ತದೆ, ಆದರೆ ತಪ್ಪು ತೋರಿಸುತ್ತದೆ

ಮೊದಲು ತಪ್ಪು ಎಷ್ಟೆಂದು ಅಳೆಯಿರಿ. ಸಮತಟ್ಟಾದ ನೇರ ರಸ್ತೆಯಲ್ಲಿ ಮುಳ್ಳನ್ನು 60ರಲ್ಲಿ ಸ್ಥಿರವಾಗಿ ಹಿಡಿದು, ಪಕ್ಕದಲ್ಲಿ ಕೂತವರು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಹಿಡಿಯುವ ಸೆಕೆಂಡ್ ಎಣಿಸಲಿ. 3600ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಜವಾದ ವೇಗ. 64 ಸೆಕೆಂಡ್ ಹಿಡಿದರೆ 56ಕ್ಕೆ ತುಸು ಮೇಲೆ. ಫೋನಿನ ಜಿಪಿಎಸ್ ಕೂಡ ಆದೀತು, ವೇಗ ಸ್ಥಿರವಾಗಿ ಕೆಲವು ಸೆಕೆಂಡ್ ಆದ ಮೇಲೆ ಓದಬೇಕಷ್ಟೆ. 30, 50, 70ರಲ್ಲಿ ಹೀಗೆ ಬರೆದುಕೊಳ್ಳಿ, ಜೊತೆಗೆ 10 ಕಿ.ಮೀ. ದೂರಕ್ಕೆ ಅಂಕಿ ಎಷ್ಟು ಓಡಿತೆಂದೂ.

ನಿಜವಾದ 30, 50, 70ಕ್ಕೆ ಮೀಟರ್ 35, 55, 75 ತೋರಿಸಿದರೆ ತಪ್ಪು ಎಲ್ಲ ಕಡೆ 5. ಅದು ಮುಳ್ಳು ಕೂತ ಜಾಗದ ದೋಷ. 33, 55, 77 ತೋರಿಸಿದರೆ ತಪ್ಪು ಶೇ. 10, ಆಗ ಅಂಕಿಯನ್ನು ಕೇಳಬೇಕು. ಅಂಕಿಯೂ 10 ಕಿ.ಮೀ.ಗೆ 11 ಓಡಿದ್ದರೆ ಸ್ಪಿಂಡಲ್ಲೇ ಜಾಸ್ತಿ ತಿರುಗುತ್ತಿದೆ, ಕಾರಣ ಟೈರ್, ಪಿನಿಯನ್ ಅಥವಾ ಬೇರೆ ಕಾರಿನ ಮೀಟರ್. ಅಂಕಿ ಸರಿಯಾಗಿ 10 ಓಡಿದ್ದರೆ ಹೇರ್‌ಸ್ಪ್ರಿಂಗ್ ಸಡಿಲಗೊಂಡಿದೆ. ಅಂಕಿ ಸರಿಯಿದ್ದು ಮುಳ್ಳು ಅದೇ ಶೇಕಡಾವಾರಿನಲ್ಲಿ ಕಡಿಮೆ ತೋರಿಸಿದರೆ ಅಯಸ್ಕಾಂತದ ಬಲ ಕುಗ್ಗಿದೆ. ಈ ಕೊನೆಯ ಎರಡು ಮನೆಯಲ್ಲಿ ಆಗುವ ಕೆಲಸವಲ್ಲ. ಅಯಸ್ಕಾಂತಕ್ಕೆ ಮತ್ತೆ ಬಲ ತುಂಬಿ ಅಳತೆಗೆ ತರುವ ಯಂತ್ರ ಇರುವ ಮೀಟರ್ ರಿಪೇರಿಯವರಿಗೇ ಕೊಡಿ. ಮೀಟರನ್ನೇ ಬದಲಿಸುವುದಾದರೆ ಹಳೆಯದರ ಕಿ.ಮೀ. ಅಂಕಿಯನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ, ಮುಂದೆ ಗಾಡಿ ಕೊಳ್ಳುವವರಿಗೆ ಅದು ತಿಳಿಯಬೇಕು.

ಸ್ಪಿಂಡಲ್ ಎಷ್ಟು ತಿರುಗುತ್ತಿದೆ ಎಂದು ನೇರವಾಗಿಯೂ ಎಣಿಸಬಹುದು. ನೆಲದಲ್ಲಿ 20 ಮೀಟರ್ ಗುರುತು ಮಾಡಿ, ಬಿಚ್ಚಿದ ಕೇಬಲ್ ತುದಿಗೆ ಕಾಗದದ ಚೂರು ಅಂಟಿಸಿ, ಕಾರು ತಳ್ಳಿ ಸುತ್ತು ಎಣಿಸಿ. ಅದನ್ನು 50ರಿಂದ ಗುಣಿಸಿದರೆ ಕಿ.ಮೀ.ಗೆ ಎಷ್ಟು ಸುತ್ತೆಂದು ಬರುತ್ತದೆ. 637ರ ಮೀಟರಿಗೆ ಸುಮಾರು ಹನ್ನೆರಡು ಮುಕ್ಕಾಲು ಸುತ್ತು ಬರಬೇಕು. ಜಾಕ್ ಹಾಕಿ ಚಕ್ರ ತಿರುಗಿಸಿ ಎಣಿಸುವವರು ಒಂದು ನೆನಪಿಡಬೇಕು: ಒಂದೇ ಚಾಲಕ ಚಕ್ರ ಎತ್ತಿದ್ದರೆ ಡಿಫರೆನ್ಷಿಯಲ್ ಕಾರಣ ಕೇಬಲ್ ಅರ್ಧದಷ್ಟೇ ತಿರುಗುತ್ತದೆ, ಚಕ್ರವನ್ನು ದುಪ್ಪಟ್ಟು ಸುತ್ತಿಸಬೇಕು. ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಕೈಯಿಂದಲೇ ತಿರುಗಿಸಿ. ಎತ್ತಿದ ಗಾಡಿಯನ್ನು ಎಂಜಿನ್ನಿನಿಂದ ಗೇರಿನಲ್ಲಿ ಓಡಿಸುವುದು ಅಪಾಯ.

ಟೈರಿನ ಪಾಲು ಎಷ್ಟೆಂದು ಲೆಕ್ಕ ಹಾಕುವುದೂ ಕಷ್ಟವಲ್ಲ. ಮಾರುತಿ 800ರ 145/70 ಆರ್12 ಟೈರಿನ ವ್ಯಾಸ ಸುಮಾರು 508 ಮಿ.ಮೀ. ಅದರ ಬದಲು ಆಲ್ಟೊದ 145/80 ಆರ್12 ಹಾಕಿದರೆ 537. ಚಕ್ರ ಸುಮಾರು ಶೇ. 5.7 ದೊಡ್ಡದಾಯಿತು, ಮೀಟರ್ 60 ಎನ್ನುವ ಲೆಕ್ಕದಲ್ಲಿ ಗಾಡಿ 63ಕ್ಕೂ ಮೇಲೆ ಓಡುತ್ತಿರುತ್ತದೆ. ಮೀಟರ್ ಜಾಸ್ತಿ ತೋರಿಸಿದರೆ ನಷ್ಟವಿಲ್ಲ, ಹೀಗೆ ಕಡಿಮೆ ತೋರಿಸುವುದೇ ಅಪಾಯ. ಅದಕ್ಕೇ ವಿಶ್ವಸಂಸ್ಥೆಯ ವಾಹನ ನಿಯಮ 39ರಲ್ಲಿ ಮೀಟರ್ ನಿಜವೇಗಕ್ಕಿಂತ ಕೆಳಗೆ ತೋರಿಸಲೇಬಾರದು ಎಂದಿದೆ, ಮೇಲಕ್ಕಾದರೆ ಶೇ. 10 ಮತ್ತು 4 ಕಿ.ಮೀ.ವರೆಗೆ ರಿಯಾಯಿತಿ ಇದೆ. ಮೂಲ ಅಳತೆಯ ಟೈರಿಗೆ ಮರಳುವುದೇ ಸರಿಯಾದ ದಾರಿ. ಪಿನಿಯನ್ ಬದಲಿಸಿಯೂ ಸರಿದೂಗಿಸಬಹುದು, 20 ಹಲ್ಲಿನ ಜಾಗದಲ್ಲಿ 19 ಹಲ್ಲಿನದು ಹಾಕಿದರೆ ಕೇಬಲ್ ಶೇ. 5.3 ಹೆಚ್ಚು ತಿರುಗುತ್ತದೆ. ಆದರೆ ಹಲ್ಲು ಕಡಿಮೆಯಾದ ಪಿನಿಯನ್ನಿನ ವ್ಯಾಸವೂ ಕಡಿಮೆ, ಅದೇ ಹೌಸಿಂಗಿನಲ್ಲಿ ಅದು ವರ್ಮ್‌ಗೆ ಅರೆಬರೆ ಕಚ್ಚಿ ಬೇಗ ಸವೆಯಬಹುದು. ಆ ಗೇರ್‌ಬಾಕ್ಸಿಗೆಂದೇ ತಯಾರಿಸಿದ 19 ಹಲ್ಲಿನ ಪಿನಿಯನ್, ಅದರ ಹೌಸಿಂಗ್ ಸಮೇತ ಸಿಕ್ಕರೆ ಮಾತ್ರ ಆ ಕೆಲಸಕ್ಕೆ ಕೈಹಾಕಿ.